ವಿನೋದಪತ್ರಿಕೆಯೂ ವಿದ್ಯಾರ್ಥಿ ಲೇಖಕನೂ

ಕಾಲೇಜಿನ ವಿದ್ಯಾರ್ಥಿಯು ಪದ್ಯವೊಂದನ್ನು ರಚಿಸಿ ಪತ್ರಿಕೆಗೆ ಕಳುಹಿಸಿದರೆ ಮನೆಯ ಹಿರಿಯರು ಸಂತೋಷಪಡುವರು. ವಿನೋದಪತ್ರಿಕೆಯಲ್ಲಿ ಬರೆಯಲು ಅವಕಾಶ ಬೇಡಿ ಕಾಗದ ಹಾಕಿದನೆಂದು ತಿಳಿದರೆ ಹುಬ್ಬು ಗಂಟಿಕ್ಕುವರು. ಪರಿಹಾಸವು ಸುಲಭವಾದ ವಿದ್ಯೆ, ಅದಕ್ಕೆ ನಾಲಗೆಯ ಚಾಪಲ್ಯವೊಂದಿದ್ದರೆ ಸಾಕು ಎಂಬ ಭಾವನೆಯೇ ಈ ಅಸಮಾಧಾನಕ್ಕೆ ಮೂಲ. ಹಿರಿಯರಲ್ಲಿ ಈ ಭಾವನೆಯಿದ್ದರೆ ಹೆಚ್ಚಿನ ಹಾನಿಯಿಲ್ಲ. ಬರೆಯಹೊರಟ ತರುಣನಲ್ಲಿಯೂ ಅದೇ ಇದ್ದರೆ ಅವನ ಬರಹವೇ ಕೆಡುವುದು.

ಇಂತಹ ಪತ್ರಿಕೆಗೆ ಬರಹವೇ ಅರ್ಜಿ. ಅಮೆರಿಕದ ಹಾರ್ವರ್ಡ್ ವಿದ್ಯಾರ್ಥಿಗಳು 1876ರಲ್ಲಿ ಆರಂಭಿಸಿದ ‘ಲ್ಯಾಂಪೂನ್’ ಎಂಬ ವಿನೋದಪತ್ರಿಕೆಯನ್ನು ಸೇರಬಯಸುವವರು ತಮ್ಮ ಲೇಖನಗಳನ್ನೋ ಚಿತ್ರಗಳನ್ನೋ ಒಪ್ಪಿಸಿ ಸ್ಪರ್ಧಿಸಬೇಕು. ಕನ್ನಡದಲ್ಲಿ ‘ರಾಶಿ’ ಎಂದು ಪ್ರಸಿದ್ಧರಾದ ವೈದ್ಯ ಡಾ. ಎಂ. ಶಿವರಾಂ ಅವರು 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ‘ಕೊರವಂಜಿ’ಯು ವಿದ್ಯಾರ್ಥಿಗಳ ಪತ್ರಿಕೆಯಲ್ಲವಾದರೂ ವಿದ್ಯಾರ್ಥಿಗೆ ಅದರ ಬಾಗಿಲು ತೆರೆದಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಕೆ. ಲಕ್ಷ್ಮಣ್ ಅವರು ಅದಕ್ಕೆ ವ್ಯಂಗ್ಯಚಿತ್ರಗಳನ್ನು ಬರೆದರು. ಅದಕ್ಕೂ ಮೊದಲು ಮುಂಬಯಿಯ ಜೆ. ಜೆ. ಕಲಾಶಾಲೆಯು ಅವರಿಗೆ ಪ್ರವೇಶವನ್ನು ನಿರಾಕರಿಸಿತ್ತು. ಕಲಾಶಾಲೆ ಒಲ್ಲೆನೆಂದ ಕೈಯನ್ನು ವಿನೋದಪತ್ರಿಕೆ ಹಿಡಿದುಕೊಂಡಿತೆಂಬುದು ಸಂಪಾದಕನ ದೃಷ್ಟಿಗೆ ಎಷ್ಟು ಬೆಲೆಯುಂಟೆಂಬುದನ್ನು ತೋರಿಸುತ್ತದೆ.

ಹಾಗಾದರೆ ಸಂಪಾದಕನು ನೋಡತಕ್ಕುದೇನು? ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಭಾಗಿಸಿದ್ದಾನೆ. ತಾನೇ ನಗುವುದು ಆತ್ಮಸ್ಥ. ಪರರನ್ನು ನಗಿಸುವುದು ಪರಸ್ಥ. ಇದು ರಂಗಕ್ಕಾಗಿ ಹೇಳಿದ ಮಾತಾದರೂ ಹೊಸ ಲೇಖಕನ ದೋಷವನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕೋಲು ಸಿಕ್ಕುವುದು ಕಷ್ಟ. ಅವನು ಬರೆಯುವಾಗಲೇ ಹೊಟ್ಟೆ ಹಿಡಿದುಕೊಂಡು ನಕ್ಕಿರುತ್ತಾನೆ. ಆಶ್ಚರ್ಯಚಿಹ್ನೆಗಳನ್ನು ಸಾಲಾಗಿ ನಿಲ್ಲಿಸಿರುತ್ತಾನೆ. ನಗುವ ಕೆಲಸವನ್ನೆಲ್ಲ ತಾನೇ ಮಾಡಿ ಮುಗಿಸಿದ್ದರಿಂದ ವಾಚಕನಿಗೆ ಏನೂ ಉಳಿದಿರುವುದಿಲ್ಲ. ಇನ್ನು, ಸ್ಮಿತದಿಂದ ಅತಿಹಸಿತದವರೆಗೆ ಭರತನು ಎಣಿಸಿದ ಆರು ಭೇದಗಳಲ್ಲಿ ಸ್ಮಿತ, ಹಸಿತಗಳು ಉತ್ತಮರಿಗೆ ಸಂದವು. ಅಟ್ಟಹಾಸವನ್ನೇ ಗುರಿಯಾಗಿಟ್ಟುಕೊಂಡವನು ಕಡೆಯ ಮೆಟ್ಟಲಿನಲ್ಲಿಯೇ ನಿಂತನೆಂದು ತಿಳಿಯಬೇಕು.

ನಗಿಸಿದರೆ ಸಾಲದು; ಯಾರನ್ನು ನಗೆಗೆ ಈಡುಮಾಡಿದನೆಂಬುದನ್ನೂ ನೋಡಬೇಕು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕವಿ ಕ್ಷೇಮೇಂದ್ರನು ‘ದೇಶೋಪದೇಶ’ವೆಂಬ ಕಾವ್ಯದಲ್ಲಿ, ನಗೆಯಿಂದ ನಾಚಿದವನು ಮರಳಿ ದೋಷಕ್ಕೆ ಇಳಿಯಲಾರನೆಂಬುದೇ ತನ್ನ ಉದ್ಯಮಕ್ಕೆ ಕಾರಣವೆನ್ನುತ್ತಾನೆ. ಅದರಲ್ಲಿ ಗೌಡದೇಶದಿಂದ, ಎಂದರೆ ಇಂದಿನ ಬಂಗಾಳದ ಕಡೆಯಿಂದ, ಕಾಶ್ಮೀರದ ಮಠಕ್ಕೆ ಓದಲು ಬಂದ ವಿದ್ಯಾರ್ಥಿಯ ಚಿತ್ರವುಂಟು. ಲಿಪಿಯೇ ತಿಳಿಯದವನು ಮಹಾಭಾಷ್ಯ, ತರ್ಕ, ಮೀಮಾಂಸೆಗಳಿಗೆ ಕೈಹಾಕುವನೆಂಬಲ್ಲಿ ನಗೆ ಇಂದಿಗೂ ಬಾಡಿಲ್ಲ. ಯಾವ ಕಾಲೇಜಿನಲ್ಲಿಯೂ ಅಂತಹವನನ್ನು ಕಾಣಬಹುದು. ಆದರೆ ಆ ಪರದೇಶಿಯ ಬಡಕಲು ಮೈಯನ್ನು ಅಸ್ಥಿಪಂಜರಕ್ಕೆ ಹೋಲಿಸುವಲ್ಲಿ ನಗೆ ಹುಳಿಯುತ್ತದೆ. ಗರ್ವವು ತಾನು ತಂದುಕೊಂಡದ್ದು, ಬಿಡಬಹುದಾದದ್ದು. ಹಸಿವನ್ನು ಕಂಡು ನಕ್ಕರೆ ಹಸಿದವನು ಏನನ್ನು ತಿದ್ದಿಕೊಂಡಾನು? ಕವಿ ಹೇಳಿಕೊಂಡ ಉದ್ದೇಶವೇ ಅಲ್ಲಿ ತಪ್ಪಿಹೋಗಿದೆ.

ಈ ವಿವೇಚನೆಯು ಮಲೆನಾಡಿಗೆ ದೂರವಾದದ್ದಲ್ಲ. ಮೂಡಿಗೆರೆ, ಕಳಸಗಳ ಕಾಫಿತೋಟಗಳಿಗೆ ಹಿಂದೆ ತಮಿಳುಸೀಮೆಯಿಂದಲೂ ತುಳುನಾಡಿನಿಂದಲೂ ಆಳುಗಳು ಬಂದರು. ಈಚೆಗೆ ಅಸ್ಸಾಮಿನಿಂದಲೂ ಅದೇ ಬಂಗಾಳದಿಂದಲೂ ಬರುತ್ತಿದ್ದಾರೆ. ಇಲ್ಲಿಯ ವಿದ್ಯಾರ್ಥಿಯು ವಿನೋದಪತ್ರಿಕೆಗೆ ಮಾದರಿ ಲೇಖನವನ್ನು ಬರೆಯಹೊರಟರೆ ಎಲ್ಲಕ್ಕಿಂತ ಮೊದಲು ಕೈಗೆ ಎಟಕುವ ವಸ್ತು ಆ ಲೈನುಮನೆಯವರ ಮುರುಕು ಕನ್ನಡ. ಅದನ್ನು ಅಣಕಿಸಿದರೆ ಗೆಳೆಯರು ನಗುವರು. ಆದರೆ ಹೊಟ್ಟೆಪಾಡಿಗಾಗಿ ಎರಡು ತಿಂಗಳಲ್ಲಿ ಪರಭಾಷೆಯನ್ನು ಇಷ್ಟಾದರೂ ಕಲಿತವನು ಹಾಸ್ಯಾಸ್ಪದನೋ, ಅವನೂರಿನ ಒಂದು ಮಾತನ್ನೂ ಕಲಿಯದೆ ನಕ್ಕವನು ಹಾಸ್ಯಾಸ್ಪದನೋ? ಮಳೆ ಬಂದರೂ ಬಾರದಿದ್ದರೂ ನಷ್ಟದ ಲೆಕ್ಕವನ್ನೇ ಹೇಳುವ ಸಾಹುಕಾರರು, ಆಳುಗಳ ಮುಂದೆ ಸಿಂಹವೂ ಧಣಿಗಳ ಮುಂದೆ ಮೊಲವೂ ಆಗುವ ರೈಟರು, ಪಟ್ಟಣದಲ್ಲಿ ಓದಿ ಬಂದು ಅರೇಬಿಕಾ ಯಾವುದು ರೊಬಸ್ಟಾ ಯಾವುದೆಂದು ತಿಳಿಯದೆ ನಿಲ್ಲುವ ತೋಟದ ಮನೆಯ ಮಗ, ಇವರೆಲ್ಲ ಕಾದು ಕುಳಿತಿರುವಾಗ ಹಣ್ಣು ಬಿಡಿಸುವ ಬಡವನ ನಾಲಗೆಯನ್ನು ಹಿಡಿದೆಳೆಯುವುದೇಕೆ? ಕಡೆಯವನಂತೂ ಅನೇಕ ವೇಳೆ ಲೇಖಕನೇ ಆಗಿರುವನು. ಟಿ. ಸುನಂದಮ್ಮನವರು ಮನೆಯೊಳಗಿನ ಸಂಗತಿಗಳನ್ನೇ ವಸ್ತುವಾಗಿಸಿಕೊಂಡು ‘ಕೊರವಂಜಿ’ಯಲ್ಲಿ ಬರೆದರು, ತನ್ನ ಹೊಸ್ತಿಲಿನೊಳಗೆ ನಗೆಗೆ ಬರಗಾಲವಿಲ್ಲವೆಂಬುದಕ್ಕೆ ಆ ಲೇಖನಗಳೇ ನಿದರ್ಶನ.

ರಾಶಿಯವರು ತಮ್ಮ ಪತ್ರಿಕೆಗೆ ಆರಿಸಿಕೊಂಡ ಹೆಸರಿನಲ್ಲಿಯೇ ಈ ಶಾಸ್ತ್ರವೆಲ್ಲ ಅಡಗಿದೆ. ಕೊರವಂಜಿಯು ಬುಟ್ಟಿಯನ್ನು ಇಳಿಸಿ, ಕೇಳುವವರ ಕೈಯನ್ನು ಹಿಡಿದುಕೊಂಡು, ಅವರ ಎದುರಿಗೇ ಕಣಿ ಹೇಳುವವಳು. ವಿನೋದಲೇಖಕನೂ ಹಾಗೆ ಮುಖವನ್ನು ನೋಡಿ ಹೇಳತಕ್ಕವನು. ಯಾರ ಕುರಿತು ಬರೆದನೋ ಅವರು ಓದಬಲ್ಲ ಪತ್ರಿಕೆಯಲ್ಲಿ, ಅವರು ಉತ್ತರ ಕೊಡಬಲ್ಲ ಸ್ಥಿತಿಯಲ್ಲಿ ಬರೆದದ್ದು ಪರಿಹಾಸ. ಕನ್ನಡ ಅಕ್ಷರವನ್ನೇ ಅರಿಯದವನ ಬೆನ್ನ ಹಿಂದೆ ಬರೆದದ್ದು ಬರಿಯ ಚಾಡಿ.

ಆದಕಾರಣ ವಿದ್ಯಾರ್ಥಿಯು ಲೇಖನವನ್ನು ಲಕೋಟೆಗೆ ಹಾಕುವ ಮುಂಚೆ ಅದನ್ನು ತಾನು ನಕ್ಕವರ ಎದುರಿನಲ್ಲಿ ಓದಬಲ್ಲೆನೇ ಎಂದು ಕೇಳಿಕೊಳ್ಳಲಿ. ಓದಬಲ್ಲೆನೆಂಬ ಧೈರ್ಯವಿದ್ದರೆ ಕಳುಹಿಸಲಿ. ಅಂತಹ ಲೇಖನವನ್ನು ಕಂಡ ಹಿರಿಯರೂ ಹುಬ್ಬಿನ ಗಂಟನ್ನು ಬಿಚ್ಚಿ, ತಮ್ಮ ಮೇಲೆ ಬರೆದದ್ದಾದರೂ ಸರಿಯೆ, ಒಮ್ಮೆ ಸ್ಮಿತವನ್ನು ತೋರುವುದು ಉಚಿತ.