ನಾಲ್ಕನೆಯ ಇಂಜೆಕ್ಷನ್ನಿಗೆ ಎಷ್ಟು ಜನ ಬಂದರು?

‘ವಯಸ್ಸಾತಲ್ಲ, ಪೊರಿ ಬಂದಿರಬೇಕು ಬಿಡ್ರಿ.’ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನಲ್ಲಿ ಹಿರಿಯರ ಕಣ್ಣು ಮಂಜಾದರೆ ಮಾತು ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ. ಪೊರೆಯಾದರೆ ಸುಗ್ಗಿ ಮುಗಿಸಿ ಆಪರೇಷನ್ ಮಾಡಿಸಿದರೂ ಸಾಮಾನ್ಯವಾಗಿ ನೋಟ ಮರಳುತ್ತದೆ. ಆದರೆ ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತಿದ್ದರೆ, ಎದುರಿಗೆ ಕೂತವರ ರುಮಾಲು, ಕಿವಿ ಕಂಡು ಮುಖದ ನಡುಭಾಗ ಮಾತ್ರ ಅಳಿಸಿದಂತಿದ್ದರೆ ಕಣ್ಣಿನ ಪರದೆಯ ನಟ್ಟನಡುವಿನ ಮ್ಯಾಕ್ಯುಲಾ ಕೆಟ್ಟಿರಬಹುದು. ಈ ಕಾಯಿಲೆಯ ಒಣ ಬಗೆ ನಿಧಾನವಾಗಿ ಬೆಳೆಯುತ್ತದೆ. ಒದ್ದೆ ಬಗೆಯಲ್ಲಿ ಪರದೆಯಡಿ ಹೊಸ ರಕ್ತನಾಳಗಳು ಚಿಗುರಿ, ಸೋರಿ, ಕೆಲವೇ ವಾರ, ತಿಂಗಳುಗಳಲ್ಲಿ ನಡುನೋಟವನ್ನು ಕಸಿಯುತ್ತವೆ. ಕಣ್ಣೊಳಗೆ ಕೊಡುವ ಇಂಜೆಕ್ಷನ್ ಈ ಒದ್ದೆ ಬಗೆಗೆ.

ಔಷಧವಾಗಿ ಇದು ದೊಡ್ಡ ಗೆಲುವು. 2006ರಲ್ಲಿ ಪ್ರಕಟವಾದ ‘ಮರಿನಾ’ ಅಧ್ಯಯನದಲ್ಲಿ ಒಂದು ವರ್ಷ ತಿಂಗಳಿಗೊಮ್ಮೆ ರಾನಿಬಿಝುಮ್ಯಾಬ್ ಎಂಬ ಈ ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 95 ಜನ ದೊಡ್ಡ ದೃಷ್ಟಿನಷ್ಟದಿಂದ ಪಾರಾದರು. ಔಷಧವಿಲ್ಲದವರಲ್ಲಿ ಪಾರಾದವರು 62. ಪೂರ್ಣ ಪ್ರಮಾಣದ ಔಷಧ ಪಡೆದವರಲ್ಲಿ ಮೂರನೇ ಒಂದು ಭಾಗದಷ್ಟು ಜನರ ನೋಟ ಎದ್ದು ಕಾಣುವಷ್ಟು ಸುಧಾರಿಸಿತು.

ಸೂಜಿಯ ಭಯ ಸಹಜ. ಮರಗಟ್ಟಿಸುವ ಹನಿ ಹಾಕಿ, ಅಯೋಡಿನ್‌ನಿಂದ ತೊಳೆದು, ರೆಪ್ಪೆಗೆ ಕ್ಲಿಪ್ ಹಚ್ಚಿ, ಕಪ್ಪುಗುಡ್ಡೆಯ ಅಂಚಿನಿಂದ 3.5–4 ಮಿ.ಮೀ. ದೂರದ ಬಿಳಿಭಾಗದಲ್ಲಿ ಕೂದಲಿನಂಥ ಸೂಜಿಯಿಂದ 0.05 ಮಿ.ಲೀ. ಔಷಧ ಬಿಡುತ್ತಾರೆ. ಚುಚ್ಚುವ ಕೆಲಸ ಕೆಲವೇ ಸೆಕೆಂಡು. ಸೋಂಕು ಅಪರೂಪ, ಆದರೂ ಆಮೇಲೆ ನೋವು, ಕೆಂಪು ಹೆಚ್ಚಾಗಿ ನೋಟ ಮಸುಕಾದರೆ ಅಂದೇ ಆಸ್ಪತ್ರೆಗೆ ಓಡಬೇಕು.

ದುಡ್ಡಿನ ಪ್ರಶ್ನೆಗೂ ಉತ್ತರವಿದೆ. ಕರುಳಿನ ಕ್ಯಾನ್ಸರಿಗೆಂದು 2004ರಲ್ಲಿ ಬಂದ ಬೆವಾಸಿಝುಮ್ಯಾಬ್ ನೋಟ ಉಳಿಸುವುದರಲ್ಲಿ ದುಬಾರಿ ರಾನಿಬಿಝುಮ್ಯಾಬ್‌ಗೆ ಸಮ ಎಂದು 2011ರ ‘ಕ್ಯಾಟ್’ ಅಧ್ಯಯನ ತೋರಿಸಿತು. ಒಂದೇ ಬಾಟಲಿಯನ್ನು ಹಲವರಿಗೆ ಹಂಚುವುದರಿಂದ ಅದು ಅಗ್ಗ. ಹಂಚುವಾಗ ಶುಚಿತ್ವ ತಪ್ಪಿದರೆ ಹಲವರ ಕಣ್ಣಿಗೆ ಒಟ್ಟಿಗೇ ಅಪಾಯ, ಆದ್ದರಿಂದ ಕಟ್ಟುನಿಟ್ಟು ಬೇಕೇಬೇಕು. 2015ರಲ್ಲಿ ಅಹಮದಾಬಾದಿನ ಇಂಟಾಸ್ ಕಂಪನಿಯ ದೇಶೀ ರಾನಿಬಿಝುಮ್ಯಾಬ್, ‘ರಾಝುಮ್ಯಾಬ್’ ಕೂಡ ಬಂತು.

ಸೋಲುತ್ತಿರುವುದು ಚಿಕಿತ್ಸೆಯ ವ್ಯವಸ್ಥೆ. ಶುರುವಿಗೆ ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್. ಆಮೇಲೆ ಸ್ಕ್ಯಾನ್ ನೋಡಿ ಅಂತರ ಹಿಗ್ಗಿಸುತ್ತ ವರ್ಷಗಟ್ಟಲೆ ಮುಂದುವರಿಸಬೇಕು. ಮೋಟೆಬೆನ್ನೂರು ಹೆದ್ದಾರಿಯ ಮೇಲೇ ಇದೆ, ಚಿಕಿತ್ಸೆಗೆ ಹೋಗಲು ಹುಬ್ಬಳ್ಳಿಗೂ ದಾವಣಗೆರೆಗೂ ಬಸ್ಸಿಗೆ ಬರವಿಲ್ಲ. ಆದರೆ ಅಜ್ಜಿಯೊಬ್ಬಳೇ ಹೋಗಲಾರಳು. ಜೊತೆಗೆ ಹೋಗುವ ಮಗ ಒಂದು ದಿನದ ಕೂಲಿ ಬಿಡಬೇಕು, ಸೊಸೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಬಿಡಬೇಕು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಸುರಿಯುವ ತಿಂಗಳುಗಳಲ್ಲಿ ಯಾರಿಗೆ ಬಿಡುವು? ನೋಟ ಸ್ವಲ್ಪ ತಿಳಿಯಾದರೆ ‘ಈಗ ಅರಾಮ ಐತಿ’ ಎಂದು ನಿಲ್ಲಿಸುತ್ತಾರೆ. ತಿಳಿಯಾಗದಿದ್ದರೆ ‘ಏನೂ ಉಪಯೋಗಿಲ್ಲ’ ಎಂದು ನಿಲ್ಲಿಸುತ್ತಾರೆ. ಔಷಧದ ಬಲ ಇಳಿದಂತೆ ನಾಳಗಳು ಮತ್ತೆ ಸೋರುತ್ತವೆ.

ನಮ್ಮ ಸರ್ಕಾರಿ ಕಣ್ಣಿನ ಕಾರ್ಯಕ್ರಮಗಳು ಪೊರೆಯ ಅಳತೆಗೆ ಹೊಲಿದಂಥವು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಬಹುಪಾಲು ಶ್ರಮ ಪೊರೆಗೇ ಸಂದಿದೆ, ಅದರ ಫಲವೂ ದೊಡ್ಡದೇ. ಮನೆಮನೆಗೆ ಹೋಗಿ ಕಣ್ಣು ತಪಾಸಣೆ ಮಾಡುವ ರಾಜ್ಯದ ‘ಆಶಾಕಿರಣ’ ಯೋಜನೆ ಮೊದಲು ಜಾರಿಯಾದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಅಲ್ಲಿಯೂ ಒತ್ತು ಕನ್ನಡಕಕ್ಕೆ, ಪೊರೆ ಆಪರೇಷನ್ನಿಗೆ. ಒಮ್ಮೆ ಮಾಡಿ ಮುಗಿಸುವ ಈ ಲೆಕ್ಕದಲ್ಲಿ ಮತ್ತೆ ಮತ್ತೆ ಕರೆತರಬೇಕಾದ ರೋಗಿಗೆ ಜಾಗವೇ ಇಲ್ಲ.

ಹೊಸ ಯೋಜನೆಯೇನೂ ಬೇಡ. ಮನೆಮನೆಗೆ ಹೋಗಿ ತಪಾಸಣೆ ಮಾಡುವವರು ಹಿರಿಯರ ಒಂದೊಂದೇ ಕಣ್ಣು ಮುಚ್ಚಿಸಿ, ಕಿಟಕಿಯ ಸರಳು ನೆಟ್ಟಗೆ ಕಾಣುತ್ತದೆಯೇ ಎಂದು ಕೇಳಲಿ. ಡೊಂಕಾಗಿ ಕಂಡವರನ್ನು ಅದೇ ವಾರ ಪರದೆ ತಜ್ಞರ ಬಳಿ ಕಳಿಸಲಿ. ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಸ್ಕ್ಯಾನಿಗೂ ಇಂಜೆಕ್ಷನ್ನಿಗೂ ನಿಗದಿಯಾಗಲಿ. ಇದು ವರ್ಷಗಳ ಚಿಕಿತ್ಸೆ ಎಂದು ವೈದ್ಯರು ಮೊದಲ ದಿನವೇ ಮನೆಯವರಿಗೆ ಬಿಡಿಸಿ ಹೇಳಲಿ. ವರದಿಯಲ್ಲಿ ಮೊದಲ ಇಂಜೆಕ್ಷನ್ ಪಡೆದವರ ಪಕ್ಕದಲ್ಲೇ ನಾಲ್ಕನೆಯದಕ್ಕೆ ಬಂದವರ ಸಂಖ್ಯೆಯನ್ನೂ ಬರೆಯಲಿ. ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಕಾರಣ ಕೇಳಲಿ.