ಅಕ್ಕೋರ ಪ್ರಾರ್ಥನೆ ಮತ್ತು ಹಿಂದಿನ ಬೆಂಚಿನ ಹುಡುಗ

ಹುಡುಗರ ಗೇಲಿಗೆ ಸಿಕ್ಕ ಗುರುವಿನ ಕಥೆ ಬೈಬಲಿನಲ್ಲೇ ಇದೆ. ಅರಸುಗಳು ಎರಡನೆಯ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಷ ಬೇತೇಲಿನ ದಾರಿ ಹಿಡಿದು ಹೊರಟಿರುತ್ತಾನೆ. ಊರ ಹುಡುಗರು ಬೆನ್ನು ಹತ್ತಿ ಅವನ ಬೋಳುತಲೆಯನ್ನು ಆಡಿಕೊಳ್ಳುತ್ತಾರೆ. ಅವನು ತಿರುಗಿ ನೋಡಿ ದೇವರ ಹೆಸರಿನಲ್ಲಿ ಶಪಿಸುತ್ತಾನೆ. ಕಾಡಿನಿಂದ ಎರಡು ಕರಡಿಗಳು ಬಂದು 42 ಹುಡುಗರನ್ನು ಸೀಳಿಹಾಕುತ್ತವೆ. ಶಿಕ್ಷಕರಿಗಾಗಿ ಹೇಳುವ ಪ್ರಾರ್ಥನೆಗಳಲ್ಲಿ ಈ ಕಥೆಯನ್ನು ಯಾರೂ ಎತ್ತುವುದಿಲ್ಲ. ಎತ್ತದಿರುವುದೇ ಒಳ್ಳೆಯದು ಅನ್ನಿ. ಆದರೆ ಒಂಬತ್ತನೇ ಕ್ಲಾಸಿನ ಕೊನೆಯ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿನ ಕುರ್ಚಿಗೆ ಒರಗಿದ ಮಾಸ್ತರರ ಮನಸ್ಸಿನಲ್ಲಿ ಆ ಕರಡಿ ಒಂದು ಗಳಿಗೆಯಾದರೂ ಸುಳಿಯದೆ ಇರುವುದಿಲ್ಲ. ಆ ಸಿಟ್ಟಿಗೆ ನಮ್ಮ ಪ್ರಾರ್ಥನೆಗಳಲ್ಲಿ ಜಾಗವೇ ಇಲ್ಲ ಎಂಬುದು ನನ್ನ ಮೊದಲ ತಕರಾರು.

ಹೀಗೆ ನೊಂದ ಶಿಕ್ಷಕರಿಗಾಗಿ ಸಭೆಯಲ್ಲಿ, ಮನೆಯ ಕೂಟದಲ್ಲಿ ಮಾಡುವ ಪ್ರಾರ್ಥನೆಗೆ ಒಂದು ಸಿದ್ಧ ಅಚ್ಚು ಇದೆ. ಪರಲೋಕದ ತಂದೆಗೆ ಸ್ತೋತ್ರ ಹೇಳುವುದಕ್ಕೂ ಯೇಸುವಿನ ನಾಮದಲ್ಲಿ ಬೇಡಿ ಆಮೆನ್ ಎನ್ನುವುದಕ್ಕೂ ನಡುವೆ ಬರುವುದು ಮುಖ್ಯವಾಗಿ ಮೂರೇ ಬೇಡಿಕೆ. ಈ ಮಕ್ಕಳ ಹೃದಯ ಬದಲಿಸು. ನನಗೆ ತಾಳ್ಮೆ ಕೊಡು. ನಾನು ಬಿತ್ತಿದ್ದು ಹಾಳಾಗದಿರಲಿ. ಕೇಳುವುದಕ್ಕೆ ಮೂರೂ ಹಿತವಾಗಿವೆ. ಕುಗ್ಗಿದ ಜೀವಕ್ಕೆ ಆ ಹೊತ್ತಿಗೆ ಅಷ್ಟು ಸಮಾಧಾನವೂ ಬೇಕು, ಅದನ್ನು ಹಗುರ ಮಾಡುವ ಉದ್ದೇಶ ನನ್ನದಲ್ಲ. ಆದರೆ ಪ್ರಾರ್ಥನೆಯೂ ಒಂದು ಮಾತುಗಾರಿಕೆ. ಅದು ಏನನ್ನು ನೋಡುತ್ತದೆ, ಏನನ್ನು ಬಿಡುತ್ತದೆ ಎಂದು ಕೇಳಬಹುದು, ಕೇಳಬೇಕು.

ಮೊದಲನೆಯ ಬೇಡಿಕೆಯನ್ನು ಗಬ್ಬೂರಿನಂಥ ಊರಿನಲ್ಲಿ ನಿಂತು ಪರೀಕ್ಷಿಸೋಣ. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಈ ಊರು ಹಳೆಯ ಗುಡಿಗಳಿಗೆ, ಶಾಸನಗಳಿಗೆ ಹೆಸರಾದದ್ದು. ತಾಲ್ಲೂಕಿನ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುತ್ತದೆ. ಹತ್ತಿ, ಮೆಣಸಿನಕಾಯಿ, ಭತ್ತ ಬೆಳೆಯುತ್ತಾರೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಸಾಲಿಯ ಹಾಜರಿ ಇಳಿಯುತ್ತದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೊರಡುವ ಮನೆಗಳ ಮಕ್ಕಳೂ ಜೊತೆಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಕೂಲಿ ಮಾಡಿ, ಮನೆಗೆ ದುಡ್ಡು ಕೊಟ್ಟು ಬಂದ ಹುಡುಗ ಮತ್ತೆ ಬೆಂಚಿನ ಮೇಲೆ ಕೂತಾಗ ಬೋರ್ಡಿನ ಮೇಲಿನ ಬೀಜಗಣಿತ ಅವನನ್ನು ಬಿಟ್ಟು ಎಷ್ಟೋ ದೂರ ಹೋಗಿರುತ್ತದೆ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಮಾಸ್ತರರ ನಡಿಗೆಯನ್ನು ಅಣಕಿಸಿ ಕ್ಲಾಸನ್ನು ನಗಿಸುವುದು ಅವನಿಗೆ ಸುಲಭ, ಮರ್ಯಾದೆಯದೂ ಹೌದು. ಅವನ ಕಲ್ಲುಹೃದಯ ಕರಗಲಿ ಎಂದು ಬೇಡುವ ಪ್ರಾರ್ಥನೆ ಅವನ ಹೃದಯವನ್ನು ನೋಡುತ್ತದೆಯೇ ಹೊರತು ಅವನ ಕೈಯನ್ನು ನೋಡುವುದಿಲ್ಲ. ಹತ್ತಿಕಾಯಿಯ ಮೊನೆ ಗೀರಿದ ಕೈ ಅದು.

ಇದಕ್ಕಿಂತ ಕೆಟ್ಟದ್ದೂ ಇದೆ. ಕೆಲವು ಕೂಟಗಳಲ್ಲಿ ಹುಡುಗನ ತಂಟೆಗೆ ದುರಾತ್ಮದ ಹೆಸರು ಕೊಟ್ಟುಬಿಡುತ್ತಾರೆ. ಹದಿನಾಲ್ಕರ ಹುಡುಗನನ್ನು ಸೈತಾನನ ಲೆಕ್ಕಕ್ಕೆ ಬರೆದ ಮೇಲೆ ಅವನ ಮನೆ ಎಲ್ಲಿ, ಊಟ ಆಗಿದೆಯೇ, ಓದಲು ಬರುತ್ತದೆಯೇ ಎಂದು ವಿಚಾರಿಸುವ ಅಗತ್ಯ ಬೀಳುವುದಿಲ್ಲ. ಇದನ್ನು ಭಕ್ತಿ ಎನ್ನಲಾರೆ, ಸೋಮಾರಿತನ ಎನ್ನುತ್ತೇನೆ.

ತಾಳ್ಮೆಯ ಬೇಡಿಕೆ ಇಷ್ಟು ಸರಳವಲ್ಲ. ಜ್ಞಾನೋಕ್ತಿಗಳ ಹದಿಮೂರನೇ ಅಧ್ಯಾಯದ ಬೆತ್ತದ ಮಾತನ್ನು ಹಿಡಿದು ಹೊಡೆತವನ್ನು ಸಮರ್ಥಿಸಿಕೊಂಡ ಕಾಲವೊಂದಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಕೋಲು ಕೈಬಿಟ್ಟಿತು, ಅದರ ಜಾಗಕ್ಕೆ ಬೇರೆ ವಿದ್ಯೆಯನ್ನು ಶಿಕ್ಷಕರಿಗೆ ಯಾರೂ ಸರಿಯಾಗಿ ಕಲಿಸಲಿಲ್ಲ. ಆ ಖಾಲಿ ಕೈಯಲ್ಲಿ ಉಳಿದದ್ದು ತಾಳ್ಮೆಯ ಉಪದೇಶ. 2021ರ ಡಿಸೆಂಬರಿನಲ್ಲಿ ಚನ್ನಗಿರಿ ತಾಲ್ಲೂಕು ನಲ್ಲೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹಿಂದಿ ಶಿಕ್ಷಕರ ತಲೆಗೆ ವಿದ್ಯಾರ್ಥಿಗಳು ಬುಟ್ಟಿ ಕವುಚಿದ ವಿಡಿಯೊ ಇಡೀ ರಾಜ್ಯವನ್ನು ಸುತ್ತಿತು. ಅದನ್ನು ನೋಡಿದವರಿಗೆ ಹುಡುಗರ ನಗುವಿಗಿಂತ ಆ ಹಿರಿಯರ ಸುಮ್ಮನಿರುವಿಕೆ ಹೆಚ್ಚು ನೆನಪಿದೆ. ಅದು ತಾಳ್ಮೆಯೋ ದಿಕ್ಕು ತೋಚದಿರುವುದೋ ಹೊರಗಿನಿಂದ ಹೇಳುವುದು ಕಷ್ಟ. ಪ್ರಾರ್ಥನೆಗೆ ಈ ಎರಡರ ವ್ಯತ್ಯಾಸ ಗೊತ್ತಿರಬೇಕು.

ಅದನ್ನು ಬೆಲೆ ತೆತ್ತು ಕಲಿತವನು ಮೋಶೆ. ಬೈಬಲಿನ ಅರಣ್ಯಕಾಂಡದ ಇಪ್ಪತ್ತನೇ ಅಧ್ಯಾಯದಲ್ಲಿ ಜನ ನೀರಿಗಾಗಿ ಅವನ ಮೇಲೆ ಹರಿಹಾಯುತ್ತಾರೆ. ಬಂಡೆಯೊಡನೆ ಮಾತಾಡು ಎಂದು ದೇವರು ಹೇಳಿದ್ದರೆ ಮೋಶೆ ಸಿಟ್ಟಿನಿಂದ ಜನರನ್ನು ಬೈದು ಕೋಲಿನಿಂದ ಬಂಡೆಗೆ ಎರಡು ಸಲ ಹೊಡೆಯುತ್ತಾನೆ. ನೀರೇನೋ ಬರುತ್ತದೆ. ಆದರೆ ವಾಗ್ದಾನದ ನಾಡಿಗೆ ಕಾಲಿಡುವ ಭಾಗ್ಯ ತಪ್ಪುತ್ತದೆ. ಹೊಡೆತದಿಂದ ಕ್ಲಾಸು ಸುಮ್ಮನಾಗುತ್ತದೆ, ಹಾಗೆ ಸುಮ್ಮನಾಗಿಸಿದವನು ಏನೋ ಕಳೆದುಕೊಳ್ಳುತ್ತಾನೆ ಎಂಬುದನ್ನು ಇಷ್ಟು ಕಟುವಾಗಿ ಹೇಳಿದ ಶಿಕ್ಷಕರ ಕಥೆ ಇನ್ನೊಂದು ನನಗೆ ಗೊತ್ತಿಲ್ಲ.

ಇಷ್ಟಾದರೂ ತಾಳ್ಮೆಯ ಬೇಡಿಕೆ ಎಲ್ಲರ ಬಾಯಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ರಾಯಚೂರು ಸೀಮೆಯ ಕ್ರೈಸ್ತರಲ್ಲಿ ದಲಿತ ಸಮುದಾಯಗಳಿಂದ ಬಂದವರು ಬಹಳ. ಅಂಥ ಮನೆಯಿಂದ ಓದಿ ಶಿಕ್ಷಕಿಯಾದವರು ಕ್ಲಾಸಿಗೆ ಕಾಲಿಟ್ಟಾಗ ಬೇರೆ ಶಿಕ್ಷಕರಿಗೆ ಏಳುವ ಹುಡುಗರು ಏಳದಿದ್ದರೆ, ಉಳಿದವರಿಗೆ ‘ಅಕ್ಕೋರೇ’ ಎನ್ನುವ ಬಾಯಿ ಅವರನ್ನು ಹೆಸರು ಹಿಡಿದು ಕೂಗಿದರೆ, ಅದು ವಯಸ್ಸಿನ ತುಂಟತನವಲ್ಲ. ಮನೆಯಲ್ಲಿ ಕಲಿತು ಸಾಲಿಯಲ್ಲಿ ಒಪ್ಪಿಸುವ ಪಾಠ ಅದು. ಇಲ್ಲಿ ಕಾನೂನಿನ ಕಡೆಯೂ ಒಂದು ವಿಚಿತ್ರ ಗಂಟು ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಸೀಮಿತವಾಗಿ ಹೊರಟು, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡಿತು. ಕ್ರೈಸ್ತರಾದ ದಲಿತರನ್ನು ಸೇರಿಸಲಿಲ್ಲ. ಹಾಗಾಗಿ ದಾಖಲೆಯಲ್ಲಿ ಕ್ರೈಸ್ತರೆಂದಿರುವ ಶಿಕ್ಷಕಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆ ಸಿಗುವುದು ಕಷ್ಟ. ಜಾತಿ ಅವರನ್ನು ಬಿಟ್ಟಿಲ್ಲ, ಜಾತಿಯಿಂದ ಕಾಯುವ ಕಾನೂನು ಬಿಟ್ಟಿದೆ. ಅವರ ಮುಂದೆ ಸಹಿಸಿಕೊಳ್ಳಮ್ಮ, ದೇವರು ನೋಡಿಕೊಳ್ಳುತ್ತಾನೆ ಎಂದು ಪ್ರಾರ್ಥಿಸುವವರು ತಾವು ಯಾರ ಪರವಾಗಿ ಮಾತಾಡುತ್ತಿದ್ದೇವೆ ಎಂದು ಒಮ್ಮೆ ಯೋಚಿಸಬೇಕು. ಹುಡುಗರು ಶಿಕ್ಷಕಿಯ ಮೈಕಟ್ಟಿನ ಬಗ್ಗೆ ಮಾತಾಡಿದಾಗ, ಮೊಬೈಲಿನಲ್ಲಿ ಕದ್ದು ಚಿತ್ರ ತೆಗೆದಾಗಲೂ ಇದೇ ಮಾತು. ಅದು ಮುಖ್ಯೋಪಾಧ್ಯಾಯರಿಗೆ ಬರೆದುಕೊಡುವ ವಿಷಯ. ಮೊಣಕಾಲೂರಿ ಬೇಡಿದ ಮೇಲೆ ಎದ್ದು ಬರೆಯಲು ಬಿಡದ ಪ್ರಾರ್ಥನೆ ಅರ್ಧ ಪ್ರಾರ್ಥನೆ.

ಇನ್ನು ಬಿತ್ತನೆಯ ಮಾತು. ಫಲ ಮುಂದೆಂದೋ ಬರುತ್ತದೆ, ಬೆಳೆಸುವವನು ದೇವರು ಎಂಬ ಸಮಾಧಾನ ಪೌಲನ ಪತ್ರಗಳಷ್ಟು ಹಳೆಯದು. ನಿಜವೇ ಇರಬಹುದು. ಆದರೆ ದೇವದುರ್ಗದ ರೈತನನ್ನು ಕೇಳಿ: ಬಿತ್ತಿದ್ದು ಮೊಳೆಯದಿದ್ದರೆ ಅವನು ಬೀಜ ನೋಡುತ್ತಾನೆ, ಹದ ನೋಡುತ್ತಾನೆ, ಕಾಲುವೆಯ ತೂಬು ನೋಡುತ್ತಾನೆ. ಈ ಸಮಾಧಾನದಲ್ಲಿ ತೂಬು ನೋಡುವ ಕೆಲಸವೇ ಇಲ್ಲ.

ಕ್ರೈಸ್ತ ಪರಂಪರೆಯಲ್ಲಿ ಈ ಕೆಲಸ ಮಾಡಿ ತೋರಿಸಿದವರು ಇಲ್ಲದಿಲ್ಲ. ಹುಡುಗರಿಗಾಗಿ ಶಾಲೆ ನಡೆಸಿದ ಇಟಲಿಯ ಸಂತ ಡಾನ್ ಬೊಸ್ಕೊ ಒಂಬತ್ತರ ವಯಸ್ಸಿನಲ್ಲಿ ಕಂಡ ಕನಸನ್ನು ಮುಂದೆ ಬರೆದಿಟ್ಟಿದ್ದಾನೆ: ಬೈಗುಳಾಡುತ್ತಿದ್ದ ಹುಡುಗರ ಮೇಲೆ ತಾನು ಮುಷ್ಟಿ ಎತ್ತಿ ನುಗ್ಗಿದ್ದು, ಏಟಿನಿಂದಲ್ಲ, ಮೃದುತನದಿಂದ ಇವರನ್ನು ಗೆಲ್ಲು ಎಂದು ಒಬ್ಬರು ತಡೆದದ್ದು. ಅವನೂ ಮೊದಲು ಗುದ್ದಲು ಹೋದವನೇ ಎಂಬುದು ನನಗೆ ಇಷ್ಟ. ಸಂತರ ಕಥೆಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ. 1884ರ ಮೇ ತಿಂಗಳಲ್ಲಿ ರೋಮಿನಿಂದ ಅವನು ತನ್ನ ಶಾಲೆಗೆ ಬರೆದ ಪತ್ರ ಇನ್ನೂ ಖಾರವಾಗಿದೆ. ಹುಡುಗರು ಕೆಟ್ಟಿದ್ದಾರೆ ಎಂದು ಅವನು ದೂರುವುದಿಲ್ಲ. ಹಿಂದೆ ಆಟದ ಬಯಲಿನಲ್ಲಿ ಗುರುಗಳು ಹುಡುಗರ ನಡುವೆಯೇ ಇರುತ್ತಿದ್ದರು, ಈಗ ದೂರ ನಿಂತು ಕಾವಲು ಕಾಯುತ್ತಾರೆ ಎಂದು ಗುರುಗಳನ್ನೇ ಹಿಡಿಯುತ್ತಾನೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಅದು ಮಕ್ಕಳಿಗೆ ತಿಳಿಯಬೇಕು ಎನ್ನುವುದು ಆ ಪತ್ರದ ತಿರುಳು. ಅವನ ಹೆಸರಿನ ಸಂಸ್ಥೆ ದೇವದುರ್ಗದಲ್ಲೂ ಇದೆ. ಮಾನ್ವಿಯಲ್ಲಿ ಜೆಸ್ವಿಟರ ಶಾಲೆ ಇದೆ. ಇಂಥ ಕಡೆ ಪ್ರಾರ್ಥನೆ ಮಕ್ಕಳ ಹಾಜರಿಯ ಬೆನ್ನುಹತ್ತುವ ಕೆಲಸದ ಜೊತೆಗೆ ಸೇರಿಕೊಂಡರೆ ಅದರ ಬಣ್ಣವೇ ಬೇರೆಯಾಗುತ್ತದೆ. ಇದು ಕ್ರೈಸ್ತರಿಗೇ ಮೀಸಲಾದ ದಾರಿಯೂ ಅಲ್ಲ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರನ್ನು ಈ ಜಿಲ್ಲೆ ಮರೆತಿಲ್ಲ.

ಸರ್ಕಾರಿ ಶಾಲೆಯ ಕ್ರೈಸ್ತ ಶಿಕ್ಷಕರಿಗೆ ಒಂದು ಗೆರೆ ನೆನಪಿರಬೇಕು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಪ್ರಾರ್ಥನೆ ಅವರ ಸ್ವಂತದ್ದು, ಕ್ಲಾಸಿನ ಬಾಗಿಲಿನ ಈಚೆಗೆ. ನನ್ನ ಲೆಕ್ಕದಲ್ಲಿ ಇದು ನಷ್ಟವಲ್ಲ. ಮಕ್ಕಳಿಗೆ ಕೇಳಿಸುವಂತೆ ಅವರಿಗಾಗಿ ಪ್ರಾರ್ಥಿಸುವುದು ಅನೇಕ ಸಲ ಬೈಗುಳದ ಇನ್ನೊಂದು ರೂಪ.

ಹಾಗಾದರೆ ಯಾವ ಪ್ರಾರ್ಥನೆ? ಮತ್ತೆ ಮೋಶೆಯೇ. ಅರಣ್ಯಕಾಂಡದ ಹನ್ನೊಂದನೇ ಅಧ್ಯಾಯದಲ್ಲಿ ಅವನು ದೇವರೊಡನೆ ಜಗಳಕ್ಕೇ ನಿಲ್ಲುತ್ತಾನೆ. ಇವರನ್ನೆಲ್ಲ ನಾನೇನು ಹೆತ್ತೆನೇ, ಇಷ್ಟು ಜನರನ್ನು ಒಬ್ಬನೇ ಹೊರಲಾರೆ, ಇದಕ್ಕಿಂತ ಕೊಂದುಬಿಡು ಎಂಬ ಧಾಟಿ. ನಯವಿಲ್ಲ, ಸ್ತೋತ್ರವಿಲ್ಲ. ಇಂಥ ಮಾತಾಡಿದ್ದಕ್ಕೆ ದೇವರು ಗದರುವುದಿಲ್ಲ, ಇನ್ನಷ್ಟು ತಾಳ್ಮೆಯನ್ನೂ ಕೊಡುವುದಿಲ್ಲ. ಎಪ್ಪತ್ತು ಹಿರಿಯರನ್ನು ಕರೆತಾ, ಹೊರೆಯನ್ನು ಅವರೂ ಹೊರಲಿ ಎನ್ನುತ್ತಾನೆ. ಶಿಕ್ಷಕರ ಹುದ್ದೆಗಳು ಖಾಲಿ ಬಿದ್ದು ಅತಿಥಿ ಶಿಕ್ಷಕರ ಮೇಲೆ ಸಾಲಿಗಳು ನಡೆಯುವ ಕಲ್ಯಾಣ ಕರ್ನಾಟಕದಲ್ಲಿ ಸಭಾಪಾಲಕರು ಶಿಕ್ಷಕರ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಓದಬೇಕಾದ ಅಧ್ಯಾಯ ಇದು. ಓದಿ ಮುಗಿಸಿದ ಮೇಲೆ ಅದೇ ಸಭೆಯ ಹಿರಿಯರು ಒಂದು ಅರ್ಜಿ ಬರೆದು, ದೇವದುರ್ಗದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಆ ಅಕ್ಕೋರ ಜೊತೆ ತಾವೂ ಹೋಗಬಹುದು.