ಒಂದೇ ಮರ, ಊರೆಲ್ಲಾ ಹಬ್ಬ

ಚಿಕ್ಕಮ್ಮ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಮಾಮೂಲ್‌ಪೇಟೆಗೆ ನಡೆದೇ ಹೋಗುತ್ತಾರೆ, ಆಟೋ ಕಾಸು ಮರಕ್ಕೆ ಕಟ್ಟುವ ಮಣಿಗಾಗಲಿ ಅಂತ. ಮೊಮ್ಮಗಳು ಕ್ರಿಸ್‌ಮಸ್‌ಗೆ ಹಟಮಾಡಿ ತರಿಸಿದ ಮೂರಡಿಯ ಪ್ಲಾಸ್ಟಿಕ್ ಮರ ಈಗ ವರ್ಷವಿಡೀ ಅವರದ್ದೇ. ತಂತಿ ಕೊಂಬೆಗಳನ್ನು ಕೆಳಗಿನಿಂದ ಬಿಡಿಸುತ್ತಾ ಒಂದು ತುದಿ ಮೇಲಕ್ಕೆ, ಪಕ್ಕದ್ದು ಕೆಳಕ್ಕೆ ಬಾಗಿಸುತ್ತಾರೆ. ಬೋಳು ಕಾಂಡ ಮಾಯ! ಅಲಂಕಾರದಲ್ಲಿ ಭಾರದ್ದು ಕಾಂಡದ ಹತ್ತಿರ, ಹಗುರದ್ದು ತುದಿಗೆ. ಶ್ರಾವಣಕ್ಕೆ ಹಳೇ ಸೀರೆಯ ಜರಿಯಂಚು, ಗಾಜಿನ ಬಳೆ. ದೀಪಾವಳಿಗೆ ಸೀರಿಯಲ್ ಸೆಟ್.

ನನಗೆ ಮಾತ್ರ ಕಾರ್ತಿಕದ್ದೇ ಇಷ್ಟ. ಕಡೇ ಸೋಮವಾರ ಬಸವನಗುಡಿ ಪರಿಷೆಯಲ್ಲಿ ಕೊಂಡ ಕಡಲೆಕಾಯಿಯನ್ನು ನಾವು ತಿಂದರೆ, ಅವರು ಸಿಪ್ಪೆ ಆರಿಸುತ್ತಾರೆ. ಎರಡು ಹೋಳಿನ ನಡುವೆ ದಾರವಿಟ್ಟು, ಮೈದಾ ಅಂಟಿನಿಂದ ಮುಚ್ಚಿ, ಚಿನ್ನದ ಬಣ್ಣ ಹಚ್ಚಿದರೆ ಮುಗಿಯಿತು. ಫ್ಯಾನ್ ಹಾಕಿದಾಗ ಅವು ಟಿಕ್ ಟಿಕ್ ಅನ್ನುತ್ತವೆ. ಅಂಗಡಿಯ ಹೊಳೆಯುವ ಚೆಂಡುಗಳಿಗೆ ಆ ಸದ್ದಿಲ್ಲ.